ಹೆಸರಿಲ್ಲದ ಉತ್ತರಗಳು

ತೊಂಬತ್ತರ ದಶಕದ ನಡುವಿನ ಒಂದು ಮಳೆಗಾಲ.

ಮಕ್ಕಳಿಂದ ಸತ್ಯ ಕೇಳಲು ಹೊರಟ ಹಿರಿಯರಿಗೆ ತಲೆ ತಗ್ಗಿಸುವ ಪ್ರಸಂಗಗಳು ತಪ್ಪುವುದಿಲ್ಲ. ಬೀಡಿ, ಹೊಗೆಸೊಪ್ಪು, ಹೆಂಡದ ರೂಢಿಯನ್ನೂ ಮನಸ್ಸಿನ ನೆಮ್ಮದಿಯನ್ನೂ ಕುರಿತು ಪ್ರೌಢಶಾಲೆಯ ಮಕ್ಕಳನ್ನು ಪ್ರಶ್ನಿಸುವ ಸಮೀಕ್ಷೆಗೆ ನಿವೃತ್ತ ಶಿಕ್ಷಕಿಯಾದ ನನ್ನನ್ನು ನೇಮಿಸಿದ್ದರು. ಜೊತೆಗೆ ಸುಮಿತ್ರ ಎಂಬ ಕಿರಿಯ ಸಹಾಯಕಿ. ಹೆಸರು ಬರೆಯಬೇಡಿ, ಯಾರ ಉತ್ತರವೂ ಯಾರಿಗೂ ತಿಳಿಯದು ಎಂದು ಪ್ರತಿ ತರಗತಿಯಲ್ಲೂ ಮಾತು ಕೊಡುತ್ತಿದ್ದೆ.

ಒಂದು: ಶ್ರೀರಂಗಪಟ್ಟಣ

ಇದು ಪರೀಕ್ಷೆಯಲ್ಲವೆಂದರೆ ಯಾರೂ ನಂಬಲಿಲ್ಲ. ಮುಂದಿನ ಬೆಂಚಿನ ಜಾಣ ಹುಡುಗಿಯ ಹಾಳೆಯತ್ತ ಕತ್ತುಗಳು ಚಾಚಿದವು. ಸಂಜೆ ಸುಮಿತ್ರ, "ಮೇಡಂ, ಒಬ್ಬರೂ ಬೀಡಿ ಮುಟ್ಟಿಲ್ಲ" ಎಂದಳು. ನಾನು ಸಂತೋಷಪಟ್ಟೆ.

"ಗಂಡುಮಕ್ಕಳೂ ಒಬ್ಬರೂ ಇಲ್ಲ ಮೇಡಂ. ಎಲ್ಲರೂ 'ಹೆಣ್ಣು' ಅಂತಲೇ ಗುರುತು ಹಾಕಿದ್ದಾರೆ."

ಎರಡು: ಕೆ.ಆರ್. ಪೇಟೆ

ಹೊಸಹೊಳಲಿನ ಕಡೆಯ ಹುಡುಗಿಯೊಬ್ಬಳು ಎದ್ದು ನಿಂತಳು. "ಮಿಸ್, ತಾತಂಗೆ ಒಲೇಲಿ ಬೀಡಿ ಹಚ್ಕೊಂಡ್ ಬಂದ್ ಕೊಡ್ತೀನಿ. ದಾರೀಲಿ ಆರೋಗ್ಬಾರ್ದು ಅಂತ ಎಲ್ಡ್ ದಮ್ ಎಳೀತೀನಿ. ಅದು ನನ್ ಲೆಕ್ಕಕ್ಕೋ, ತಾತನ್ ಲೆಕ್ಕಕ್ಕೋ?"

ಪಕ್ಕದವಳೇ ತೀರ್ಪಿತ್ತಳು: "ತಾತಂದು ಅಂತ ಬರಿಯೇ. ಬೀಡಿ ತಾತಂದಲ್ವಾ?"

ಮೂರು: ನಾಗಮಂಗಲ

ಹಿಂದಿನ ಬೆಂಚಿನ ಹುಡುಗನೊಬ್ಬ ಮೆಲ್ಲನೆ ಕೇಳಿದ: "ಮೇಡಮ್ಮೋರೆ, ನಿಜ ಬರುದ್ರೆ ನಮ್ಮಪ್ಪಂಗೆ ಗೊತ್ತಾಗಕಿಲ್ವಾ? ಚರ್ಮ ಸುಲುದ್ಬುಡ್ತಾನೆ."

"ನಾನು ಮಾತು ಕೊಟ್ಟಿದ್ದೇನೆ" ಎಂದೆ. ಅವನು ನಂಬಿ ಬರೆದ. ಅವನನ್ನು ನೋಡಿ ಇನ್ನೂ ಕೆಲವರು ಬರೆದರು.

ಹಾಳೆಗಳನ್ನು ಕಲಸಿ ಮೇಜಿನ ಮೇಲಿಟ್ಟೆ. ಒಳಬಂದ ಮುಖ್ಯೋಪಾಧ್ಯಾಯರು ಅದನ್ನು ಕಂಡು ನೊಂದುಕೊಂಡರು. "ಇಂಗೆ ಕೊಟ್ರೆ ಯಾರ್ದು ಯಾವ್ದು ಅಂತ ಮೇಡಮ್ಮೋರ್ಗೆ ಎಂಗ್ಲಾ ಗೊತ್ತಾಗ್ಬೇಕು? ಅವ್ರವ್ರ್ ಪೇಪರ್ ಎತ್ಕೊಂಡು ಹಾಜರಿ ನಂಬರ್ ಪ್ರಕಾರ ಕೊಡ್ರಲಾ!"

ನಾನು ಬಾಯಿ ತೆರೆಯುವಷ್ಟರಲ್ಲಿ ಬೆತ್ತ ಮೇಜಿಗೆ ಬಡಿದಿತ್ತು. ಮಕ್ಕಳು ಮುಗಿಬಿದ್ದರು. ಏನೂ ಸೇದದ, ಏನೂ ಕುಡಿಯದ ಹಾಳೆಗಳು ಕ್ಷಣದಲ್ಲಿ ಖಾಲಿಯಾದವು. 'ಹೌದು' ಎಂದಿದ್ದವು ಮಾತ್ರ ಮೇಜಿನ ಮೇಲೆಯೇ ಉಳಿದವು. ಆ ಹುಡುಗ ಬರಿಗೈಯಲ್ಲಿ, "ನಂದು ಸಿಗ್ನಿಲ್ಲ ಸಾ" ಎಂದು ನೆಲ ನೋಡುತ್ತ ನಿಂತ. ಅವನ ಹಿಂದೆ ಇನ್ನೂ ಕೆಲವರು.

ಮುಖ್ಯೋಪಾಧ್ಯಾಯರು ಉಳಿದ ಹಾಳೆಗಳನ್ನು ಓದಿದರು. ಮುಖ ಕೆಂಪಾಯಿತು, ಮತ್ತೆ ಅರಳಿತು.

"ಮೇಡಂ, ಇವು ನಮ್ ಮಕ್ಳವಲ್ಲ! ಬೇರೆ ಊರ್ನೋರ್ವು ಸೇರ್ಕೊಂಡವೆ."

ಹುಡುಗ ತಲೆಯೆತ್ತಿ ನನ್ನನ್ನೇ ನೋಡುತ್ತಿದ್ದ.

"ಪಾಂಡವಪುರದವು ಇರಬೇಕು" ಎಂದೆ. ನಾಚಿಕೆಯಿಂದ ಕಿವಿ ಸುಡುತ್ತಿತ್ತು. ಪಾಂಡವಪುರಕ್ಕೆ ನಾವಿನ್ನೂ ಹೋಗಿಯೇ ಇರಲಿಲ್ಲ.

ಅಲ್ಲಿದ್ದವರು: ನಾನು, ಸುಮಿತ್ರ, ಮುಖ್ಯೋಪಾಧ್ಯಾಯ ನಂಜಪ್ಪನವರು. ಮಕ್ಕಳ ಹೆಸರು ಹೇಳುವಂತಿಲ್ಲ, ಮಾತು ಕೊಟ್ಟಿದ್ದೇನೆ.