ಚಿಕ್ಕಮಾದಪ್ಪನವರ ಬೆಂಚು

ಹಳೇ ಬೆಂಚನ್ನು ಹೊಸದು ಮಾಡುವುದು ಏನು ಮಹಾ? ಉಪ್ಪುಕಾಗದದಲ್ಲಿ ಉಜ್ಜಬೇಕು, ಬಣ್ಣ ಬಳಿಯಬೇಕು, ಒಣಗಿಸಬೇಕು. ಇಷ್ಟಕ್ಕೆಲ್ಲ ಬಡಗಿ ಯಾಕೆ? ಹೀಗೆ ನಂಬಿದ್ದವನು ನಾನು.

ಭಾನುವಾರ ನನ್ನ ತಂಗಿ ಸುಧಾಳನ್ನು ನೋಡಲು ಹರವೆಯಿಂದ ಗಂಡಿನ ಕಡೆಯವರು ಬರುತ್ತಾರೆಂದು ಎಸ್‌ಟಿಡಿ ಬೂತಿಗೆ ಫೋನು ಬಂದಿತ್ತು. ಮೂರು ಸಂಬಂಧ ಆಗಲೇ ಕೈತಪ್ಪಿದ್ದವು. ಈ ಹುಡುಗನ ಫೋಟೊವನ್ನು ಮಾತ್ರ ಸುಧಾ ಟ್ರಂಕಿನಲ್ಲಿ ಸೀರೆಯ ಕೆಳಗೆ ಇಟ್ಟುಕೊಂಡಿದ್ದಳು. ಯಾರಿಗೂ ಗೊತ್ತಿಲ್ಲವೆಂದು ಅವಳು ತಿಳಿದಿದ್ದಳು, ಪಾಪ. ಆದರೆ ಚಾಮರಾಜನಗರದ ನಮ್ಮ ಬಾಡಿಗೆ ಮನೆಯಲ್ಲಿ ಬಂದವರು ಕೂರಲು ಇದ್ದದ್ದು ಮಡಿಸುವ ಕುರ್ಚಿ ಎರಡು. ಅದರಲ್ಲೊಂದು ಕೂತವರನ್ನೇ ಮಡಿಸುತ್ತಿತ್ತು! ಉಳಿದದ್ದು ನಮ್ಮ ತಾತನ ಕಾಲದ ಒಂದು ಚಾಪೆ.

ಗುಂಡ್ಲುಪೇಟೆಯ ಹಳೇ ಸಾಮಾನಿನ ಅಂಗಡಿಯಲ್ಲಿ ಒಂದು ಒರಗು ಬೆಂಚು ಅಗ್ಗಕ್ಕೆ ಸಿಕ್ಕಿತು. ಲಾರಿಗೆ ಬಣ್ಣ ಹೊಡೆಯುವವನ ಹತ್ತಿರ ಮಿಕ್ಕ ಬಣ್ಣವೂ ಸಿಕ್ಕಿತು. ಬಸ್ಸಿನ ಟಾಪಿನಲ್ಲಿ ಈರುಳ್ಳಿ ಮೂಟೆಗಳ ಮಧ್ಯೆ ಬೆಂಚು ದಯಮಾಡಿಸಿತು.

ಎರಡು ದಿನ ಉಜ್ಜಿದೆ. ಅಂಗೈ ಬೊಬ್ಬೆ ಎದ್ದಿತು. ಮೂರು ಪದರ ಬಣ್ಣದ ಕೆಳಗೆ, ಒರಗುವ ಹಲಗೆಯ ಮೇಲೆ, ಕೆತ್ತಿದ ಹೆಸರು ಕಂಡಿತು: ಚಿಕ್ಕಮಾದಪ್ಪ.

"ಪುಟ್ಟಿ ಮೆತ್ತಿ ಮುಚ್ಚಿಬುಡಿ" ಎಂದಳು ನನ್ನ ಹೆಂಡತಿ ಗಿರಿಜಾ.

"ಮುಚ್ಚೋದಾ? ಹಳೇ ಮನೆತನದವ್ರು ಅನ್ಕೋತಾರೆ ಕಣೆ!" ಎಂದು ಬೆಂಚಿಗೆ ಕಂದು, ಹೆಸರಿಗೆ ಹಳದಿ ಬಳಿದೆ.

ಗಿರಿಜಾ ದೂರ ನಿಂತು ನೋಡಿದಳು. "ನಂಬರ್ ಪ್ಲೇಟ್ ಒಂದು ಹಾಕ್ಬುಡಿ, ರೋಡಿಗೆ ಬುಡ್ಬೋದು."

ಭಾನುವಾರ ಹುಡುಗ, ಅವನ ಅಪ್ಪ, ಅಜ್ಜಿ ಕಾರಿನಲ್ಲಿ ಬಂದರು. ಬೆಂಚು ನೋಡಿದ್ದೇ ಹುಡುಗನ ಅಪ್ಪನ ಮುಖ ಬೆಳ್ಳಗಾಯಿತು. ಎಷ್ಟು ಹೇಳಿದರೂ ಕೂರಲಿಲ್ಲ. ನಮ್ಮ ಅಂತಸ್ತು ಕಂಡು ಅಳುಕಿದರೆಂದು ನಾನು ಹಿಗ್ಗಿದೆ!

ಕಣ್ಣು ಮಂಜಾದ ಅಜ್ಜಿ ಮಾತ್ರ ಕೂತು, ಬೆಂಚಿನ ಕೈಯನ್ನು ನಿಧಾನವಾಗಿ ಸವರಿದರು. "ಯಾರ್ದಪ್ಪ ಈ ಬೆಂಚು?"

"ನಮ್ಮ ತಾತ ಚಿಕ್ಕಮಾದಪ್ಪನವ್ರು ಮಾಡಿಸಿದ್ದು ಅಜ್ಜಿ! ಅವ್ರ ತೊಡೆ ಮೇಲೆ, ಇದೇ ಬೆಂಚಲ್ಲಿ ನಾನು ಬೆಳೆದದ್ದು!"

ಹುಡುಗನಿಗೆ ಕಾಫಿ ನೆತ್ತಿಗೇರಿತು.

"ಆ ಹೆಸ್ರ ನಾನು ಹೇಳಂಗಿಲ್ಲ ಕಣಪ್ಪ" ಎಂದರು ಅಜ್ಜಿ. "ಅದು ನನ್ ಗಂಡನ ಹೆಸ್ರು. ಈ ಕಚ್ಚು ನಾನೇ ಅಡಕೆ ಕುಟ್ಟಿ ಮಾಡಿದ್ದು." ಆಮೇಲೆ ತಟ್ಟನೆ ಬೆಂಚಿನಿಂದ ಕೈ ತೆಗೆದರು. "ಅಂಗಾರೆ ಅವ್ರಿಗೆ ಈ ಊರಲ್ಲೂ ಒಂದ್ ಸಂಸಾರ ಇತ್ತಾ? ಅಯ್ಯೋ ಶಿವ್ನೇ, ಉಡ್ಗ ಉಡ್ಗಿ ಅಣ್ಣ ತಂಗಿ ಆಯ್ತಾರಲ್ಲೋ!"

ಬಾಗಿಲ ಮರೆಯಲ್ಲಿ ಸುಧಾಳ ಕೈಯಿಂದ ಉಪ್ಪಿಟ್ಟಿನ ತಟ್ಟೆ ಬಿತ್ತು. ನಾನು ಅಜ್ಜಿಯ ಕಾಲಿಗೆ ಬಿದ್ದೆ. "ಸುಳ್ಳು ಹೇಳಿದೆ ಅಜ್ಜಿ! ಗುಂಡ್ಲುಪೇಟೆ ಗುಜರಿಯಲ್ಲಿ ತಂದದ್ದು!"

ಅಜ್ಜಿ ನಿಧಾನವಾಗಿ ಮಗನ ಕಡೆ ತಿರುಗಿದರು. "ಗೆದ್ಲು ತಿಂತು, ಒಲೆಗಾಕ್ದೆ ಅಂದ್ಯಲ್ಲಲಾ!"

ಹುಡುಗನ ಅಪ್ಪ ನನ್ನತ್ತ ನೋಡಿದ ನೋಟದಲ್ಲೇ ನಾಲ್ಕನೆಯ ಸಂಬಂಧವೂ ಮುಗಿಯಿತು. ಅಮ್ಮನ ಎದುರು ತನ್ನ ಮಾನ ಕಳೆದವನ ಮನೆಯಿಂದ ಯಾರು ತಾನೇ ಹೆಣ್ಣು ತಂದುಕೊಳ್ಳುತ್ತಾರೆ? "ಹೆಣ್ಣಿನ ಇಚಾರ ಆಮೇಲೆ ತಿಳಿಸ್ತೀವಿ" ಎಂದರು. ಬೆಂಚಿನ ವಿಚಾರ ಮಾತ್ರ ಆಮೇಲಕ್ಕೆ ಉಳಿಯಲಿಲ್ಲ. ಅಜ್ಜಿಯ ಅಪ್ಪಣೆಯಂತೆ ಅದನ್ನು ಆಗಲೇ ಕಾರಿನ ಮೇಲೆ ಕಟ್ಟಿದರು. ಹಗ್ಗ ಕೊಟ್ಟವನು ನಾನೇ!

ಅವರಿಂದ ಕಾಗದ ಬರಲೇ ಇಲ್ಲ. ತಿಂಗಳಾದ ಮೇಲೆ ಸುಧಾ ಟ್ರಂಕಿನಿಂದ ಫೋಟೊ ತೆಗೆದು ನನ್ನ ಕೈಗಿಟ್ಟಳು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

"ಹೋಗ್ಲಿ ಬುಡಣ್ಣ, ಆ ಮನೆ ಸೇರೋ ಯೋಗ ಬೆಂಚಿಗಾದ್ರೂ ಇತ್ತಲ್ಲ" ಎಂದಳು.

ಚಾಪೆ ಬಿಡಿಸಿ ಕೂತೆ. ಅದೊಂದು ಮಾತ್ರ ನಿಜವಾಗಿಯೂ ನಮ್ಮ ತಾತನದು!