ಕಾಕಾನಿಗೊಂದು ದುಃಖ ಬೇಕಾಗಿದೆ

ನಮ್ಮ ಕಾಕಾನಷ್ಟು ನತದೃಷ್ಟ ಮನುಷ್ಯ ಇಡೀ ಬೆಳಗಾವಿಯಲ್ಲಿ ಇನ್ನೊಬ್ಬನಿಲ್ಲ. ಪಾಪ, ಅವರಿಗೆ ಒಂದೇ ಒಂದು ದುಃಖವೂ ಇಲ್ಲ! ನಗಬೇಡಿ. ನಿಮಗೆ ನನಗೆ ದುಃಖವಿಲ್ಲದಿದ್ದರೆ ಹಾಯಾಗಿ ಉಂಡು ಮಲಗುತ್ತೇವೆ. ಬ್ಲೂಸ್ ಎಂಬ ದುಃಖದ ಹಾಡುಗಳ ಕ್ಲಬ್ ನಡೆಸುವ ಮನುಷ್ಯನಿಗೆ ದುಃಖವಿಲ್ಲದಿದ್ದರೆ ಹೇಗೆ, ನೀವೇ ಹೇಳಿ?

ಆಟೋ ನಗರದಲ್ಲಿ ಕಾಕಾನ ಲಾರಿ ರಿಪೇರಿಯ ಗ್ಯಾರೇಜಿದೆ. ನಾನು ಚಡ್ಡಿ ಹಾಕುತ್ತಿದ್ದ ಕಾಲದಿಂದಲೂ ರವಿವಾರ ಸಂಜೆ ಕ್ಲಬ್ಬು ಅಲ್ಲೇ ಕೂಡುತ್ತದೆ. ಅದು ಹುಟ್ಟಿದ್ದೂ ರಿಪೇರಿಯಿಂದಲೇ. ಗೋವಾಕ್ಕೆ ಹೊರಟಿದ್ದ ವಿದೇಶಿಯೊಬ್ಬನ ವ್ಯಾನು ಖಾನಾಪುರದ ರಸ್ತೆಯಲ್ಲಿ ಕೆಟ್ಟು ನಿಂತಿತ್ತು. ಕಾಕಾ ಅದರ ಕೆಳಗೆ ಮಲಗಿ ನಟ್ಟು ಬಿಚ್ಚುತ್ತಿದ್ದರೆ ಮೇಲೆ ಕ್ಯಾಸೆಟ್ಟಿನಲ್ಲಿ ಒಬ್ಬ ಗಿಟಾರು ಬಾರಿಸುತ್ತ ಗೋಳಾಡುತ್ತಿದ್ದನಂತೆ. 'ಯಾಕ ಅಳಾಕತ್ತಾನ ಇಂವಾ?' ಎಂದು ಕೈಸನ್ನೆ ಮಾಡಿ ಕೇಳಿದರೆ, ಆ ವಿದೇಶಿ ಎದೆಯ ಮೇಲೆ ಕೈಯಿಟ್ಟು ನಿಟ್ಟುಸಿರು ಬಿಟ್ಟನಂತೆ. ಮುಗಿಯಿತು! ಕಾಕಾ ಮಜೂರಿ ಬೇಡವೆಂದು ಕ್ಯಾಸೆಟ್ಟು ಇಸಿದುಕೊಂಡು ಬಂದರು. ಟಿಳಕವಾಡಿಯಲ್ಲೆಲ್ಲೋ ಹಳೆಯ ಗಿಟಾರು ಹುಡುಕಿ ತಂದರು. ಅಂದಿನಿಂದ ಅವರ ಹೆಂಡತಿ, ನಮ್ಮ ಕಾಕುವಿನ ಕಿವಿಗೆ ವಿಶ್ರಾಂತಿಯೆಂಬುದಿಲ್ಲ.

'ಬ್ಲೂಸ್ ಅಂದ್ರ ಏನ್ರಿ?' ಎಂದು ಹೊಸಬರು ಕೇಳಿದರೆ ಕಾಕಾ ಎರಡೇ ಮಾತಿನಲ್ಲಿ ಮುಗಿಸುತ್ತಾರೆ. 'ಒಂದ ಮಾತು ಎರಡ ಸಲ ಹೇಳೂದು, ಮೂರನೇ ಸಲಕ್ಕ ಅಳೂದು. ಅಷ್ಟ!'

ಕ್ಲಬ್ಬಿನ ನಿಯಮವೂ ಒಂದೇ. ಹಾಡುವವರು ಮೊದಲು ಎದ್ದು ನಿಂತು ತಮ್ಮ ದುಃಖ ಹೇಳಬೇಕು. ಅದು ಸ್ವಂತದ್ದಾಗಿರಬೇಕು, ಕಡ ತಂದದ್ದು ನಡೆಯುವುದಿಲ್ಲ. ಖಾನಾಪುರದಿಂದ ಬರುವ ಮಾಸ್ತರರೊಬ್ಬರು ತಮ್ಮ ದುಃಖವನ್ನು ಮರಾಠಿಯಲ್ಲೇ ತೋಡಿಕೊಳ್ಳುತ್ತಾರೆ. ಯಾರೋ ಅದನ್ನು ಕನ್ನಡದಲ್ಲಿ ಹೇಳಲು ಹೋದರೆ ಕಾಕಾ ಸಿಡಿದರು: 'ಸುಮ್ನ ಕುಂದರ್ರಿ! ಅಳೂದಕ್ಕ ಭಾಷಾಂತರ ಯಾಕ ಬೇಕು?'

ವಡಗಾವಿಯ ನೇಕಾರರೊಬ್ಬರು ತಬಲಾ ಬಾರಿಸುತ್ತಾರೆ. ನಮಗೆಲ್ಲ ಅವರು ತಬಲಾ ಮಾಮಾ. ಬ್ಲೂಸಿಗೆ ತಬಲಾ ಯಾಕೆ ಎಂದು ಕೇಳಬೇಡಿ, ಡ್ರಮ್ ಇಡಲು ಗ್ಯಾರೇಜಿನಲ್ಲಿ ಜಾಗವಿಲ್ಲ! ಒಂದು ರವಿವಾರ ಅವರು ಎದ್ದು ನಿಂತು, 'ಹೆಂಡ್ತಿ ತಮ್ಮ ಬಂದು ತಿಂಗಳಾತ್ರಿ' ಎಂದು ದುಃಖ ಹೇಳಿಕೊಂಡು ಶುರು ಮಾಡಿದರು:

'ಹೆಂಡ್ತಿ ತಮ್ಮ ಬಂದಾನ, ಹೋಗವಲ್ಲೋ,
ಹೆಂಡ್ತಿ ತಮ್ಮ ಬಂದಾನ, ಹೋಗವಲ್ಲೋ,
ಚೀಲಾ ಕಟ್ಟಿ ಕೊಟ್ಟರ ದಿಂಬ ಮಾಡ್ಕೊಂಡ ಮಲಗ್ಯಾನೋ!'

ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವರು ಯಾರು ಅಂತೀರಿ? ಮುಂದಿನ ಸಾಲಿನಲ್ಲೇ ಕುಳಿತಿದ್ದ ಅದೇ ಹೆಂಡತಿಯ ತಮ್ಮ! 'ವಾಹ್ ಮಾಮಾರ! ಇನ್ನೊಂದ ತಿಂಗಳ ಇದ್ದು ಇದನ್ನ ಪೂರ್ತಿ ಕಲತ ಹೋಗ್ತೀನ್ರಿ!'

ಹೀಗೆ ಊರಿನ ಮಂದಿಯೆಲ್ಲ ಹಾಡಿದರು. ಕಾಕಾ ಮಾತ್ರ ಮೂಲೆಯ ಟೈರಿನ ಮೇಲೆ ಕುಳಿತು ಗಿಟಾರು ಬಾರಿಸಿದ್ದೇ ಬಾರಿಸಿದ್ದು. ಬಾಯಿ ತೆರೆಯುವ ಹಾಗಿಲ್ಲ, ನಿಯಮ ಅವರದೇ! ಸಾಯುವುದರೊಳಗೆ ಒಂದೇ ಒಂದು ಖರೇ ಬ್ಲೂಸ್ ಹಾಡಬೇಕೆಂಬುದು ಅವರ ಜೀವದ ಆಸೆ. ಆದರೆ ಬಾಯಲ್ಲಿ ಹಲ್ಲು ಗಟ್ಟಿ, ಗ್ಯಾರೇಜು ಭರ್ತಿ, ಮನೆಯಲ್ಲಿ ಕಾಕುವಿನ ಕೈಯ ರೊಟ್ಟಿ-ಝುಣಕ. ದುಃಖವನ್ನು ಎಲ್ಲಿಂದ ತರಬೇಕು?

ಪ್ರಯತ್ನವನ್ನೇನೂ ಕಡಿಮೆ ಮಾಡಲಿಲ್ಲ. ಅಣ್ಣತಮ್ಮಂದಿರ ಜಗಳದಿಂದ ದುಃಖ ಬಂದೀತೆಂದು ಒಮ್ಮೆ ನಮ್ಮ ಅಪ್ಪನ ಹತ್ತಿರ ಬಂದು ಗುಡುಗಿದರು: 'ಅಣ್ಣಾ, ಆಸ್ತಿಯೊಳಗ ನನಗ ಅನ್ಯಾಯ ಆಗೇತಿ!'

ಅಪ್ಪ ಕನ್ನಡಕ ತೆಗೆದು ನೋಡಿದರು. 'ಹೌದೇನೋ? ಮೊದಲ ಹೇಳೂದಲ್ಲ! ಬಾವಿ ಬಾಜೂಕಿನ ಹೊಲಾನೂ ನೀನ ತಗೋ. ಚಹಾ ಕುಡೀತೀ?'

ಕಾಕಾ ಚಹಾ ಕುಡಿದು ಜೋಲು ಮುಖ ಹಾಕಿಕೊಂಡು ಹೊರಗೆ ಬಂದರು. 'ಇಂಥಾ ಅಣ್ಣನ್ನ ಇಟ್ಕೊಂಡು ನಾ ಬ್ಲೂಸ್ ಹೆಂಗ ಹಾಡ್ಲೋ ತಮ್ಮಾ?' ಎಂದು ನನ್ನನ್ನೇ ಕೇಳಿದರು.

ಆಮೇಲೆ ವಿರಹಕ್ಕೆ ಕೈ ಹಾಕಿದರು. ಕಾಕುವಿನ ತವರು ಖಾನಾಪುರ. 'ಎಂಟ ದಿನ ತವರಿಗೆ ಹೋಗಿ ಇದ್ದ ಬಾ, ವಿರಹ ಅಂದ್ರ ಹೆಂಗಿರತೈತಿ ನೋಡೂಣು' ಎಂದರು.

'ನಿಮ್ಮ ಬನಿಯನ್ ಎಲ್ಲಿರ್ತಾವಂತ ಗೊತ್ತೈತೇನು ನಿಮಗ?' ಎಂದು ಕೇಳಿ, ಕಾಕು ನಗುತ್ತಲೇ ಮುಂಜಾನೆಯ ಬಸ್ಸು ಹತ್ತಿದರು.

ಸಂಜೆ ಕಾಕಾನ ವಿರಹ ಹೇಗಿದೆಯೆಂದು ನೋಡಲು ಹೋದರೆ ಮನೆಗೆ ಕೀಲಿ! ಫೋನು ಮಾಡಿದೆ. ಆ ಕಡೆಯಿಂದ ಬಾಯಿ ತುಂಬಿದ ದನಿ: 'ಖಾನಾಪುರದಾಗ ಅದೀನೋ. ಅತ್ತಿ ಹೋಳಿಗಿ ಮಾಡ್ಯಾರ, ಬಿಡವಲ್ಲರು.' ಮಧ್ಯಾಹ್ನದ ಬಸ್ಸಿಗೇ ಗಿಟಾರು ಹೆಗಲಿಗೆ ಹಾಕಿಕೊಂಡು ಹೋಗಿದ್ದರಂತೆ! ಎಂಟು ದಿನ ಅಲ್ಲೇ ಉಂಡು, ಒಂದು ಸುತ್ತು ದಪ್ಪಗಾಗಿ, ಹೆಂಡತಿಯ ಜೊತೆಗೇ ತಿರುಗಿ ಬಂದರು. ಇಂಥವರಿಗೆ ದೇವರು ದುಃಖ ಕೊಡುವುದಾದರೂ ಹೇಗೆ?

ಕೊಟ್ಟ. ಹೋದ ವರ್ಷ ಕಾಕು ಅಡುಗೆಮನೆಯಲ್ಲಿ ಎದೆ ಹಿಡಿದುಕೊಂಡು ಕುಸಿದರು. ದವಾಖಾನೆಗೆ ಒಯ್ದೆವು. ಕೂಡಲೇ ಆಪರೇಷನ್ ಆಗಬೇಕು, ಆದ ಮೇಲೂ ಏನೂ ಹೇಳಲು ಬರುವುದಿಲ್ಲ ಎಂದರು ಡಾಕ್ಟರು. ಕಾಕಾ ಹೊರಗಿನ ಬೆಂಚಿನ ಮೇಲೆ ಗ್ಯಾರೇಜಿನ ಎಣ್ಣೆ ಕೈಯಲ್ಲೇ ಕುಳಿತಿದ್ದರು. ಕ್ಲಬ್ಬಿನವರೆಲ್ಲ ಬಂದರು. ತಬಲಾ ಮಾಮಾ, ಒಳ್ಳೆಯ ಮನಸ್ಸಿನಿಂದಲೇ, ಗಿಟಾರು ತಂದಿದ್ದರು.

'ಕಾಕಾ, ಸಣ್ಣ ದನಿಲೆ ಒಂದ ಹಾಡ್ರಿ. ಮನಸ ಹಗರ ಆಕ್ಕೈತಿ.'

ಕಾಕಾ ಗಿಟಾರು ತೊಡೆಯ ಮೇಲಿಟ್ಟುಕೊಂಡರು. ಒಂದು ತಂತಿಯನ್ನೂ ಒತ್ತಲಾಗಲಿಲ್ಲ. ಅದನ್ನು ನನ್ನ ಕೈಗೆ ಕೊಟ್ಟು, ಸಣ್ಣ ಹುಡುಗರು ಹೆದರಿದಾಗ ನೋಡುತ್ತಾರಲ್ಲ, ಹಾಗೆ ನನ್ನನ್ನು ನೋಡಿದರು.

'ತಮ್ಮಾ, ನಾ ಇಷ್ಟ ದಿನ ದುಃಖ ಬೇಕು, ದುಃಖ ಬೇಕು ಅಂತಿದ್ನಲ್ಲೋ. ಮ್ಯಾಲಿನಾಂವ ಅದನ್ನ ಖರೇ ಅಂತ ತಿಳ್ಕೊಂಡಾನೇನು? ಚಾಷ್ಟಿ ಮಾಡಿದ್ದು ಅಂತ ಹೇಳ್ರೋ ಯಾರರ. ನಾ ಜನ್ಮದಾಗ ಹಾಡೂದಿಲ್ಲ ಅಂತ ಹೇಳ್ರೋ.'

ಅಷ್ಟು ವರ್ಷ ಅವರನ್ನು ಕಾಡಿಸಿ ನಕ್ಕವನು ನಾನು. ಅವತ್ತು ಗಿಟಾರು ಹಿಡಿದುಕೊಂಡು ಗೋಡೆಯ ಕಡೆ ತಿರುಗಿ ಅತ್ತುಬಿಟ್ಟೆ.

ಕಾಕು ಉಳಿದರು. ಅವತ್ತಿನಿಂದ ಮುಚ್ಚಿದ್ದ ಕ್ಲಬ್ಬು ಮೊನ್ನೆ ಮತ್ತೆ ತೆರೆಯಿತು. ಯಾವತ್ತೂ ಗ್ಯಾರೇಜಿನ ಕಡೆ ತಲೆ ಹಾಕದ ಕಾಕು ಅವತ್ತು ತಾವಾಗಿಯೇ ಬಂದು, ಶಾಲು ಹೊದ್ದು ಮುಂದಿನ ಕುರ್ಚಿಯಲ್ಲಿ ಕುಳಿತರು. ಕಾಕಾ ತಮ್ಮ ಟೈರಿನ ಮೇಲೆ ಕುಳಿತು ತಂತಿ ಬಿಗಿ ಮಾಡುತ್ತಿದ್ದರು. ಯಾರು ಮೊದಲು ಹಾಡಬೇಕೆಂದು ನಾವೆಲ್ಲ ಮುಖ ಮುಖ ನೋಡಿಕೊಳ್ಳುತ್ತಿದ್ದಾಗ ಕಾಕುವೇ ಬಾಯಿ ತೆರೆದರು.

'ನೀವ ಹಾಡ್ರಿ ಇವತ್ತು. ದವಾಖಾನ್ಯಾಗ ಭಾಳ ದುಃಖ ಆಗಿತ್ತಂತ ನಿಮಗ. ಎಲ್ಲಾರೂ ಹೇಳಿದ್ರು.'

'ಆಗಿತ್ತು' ಎಂದರು ಕಾಕಾ. ಗಿಟಾರಿನಿಂದ ತಲೆಯೆತ್ತಿ ಹೆಂಡತಿಯನ್ನು ನೋಡಿದರು. ನೋಡುತ್ತಲೇ ಇದ್ದರು.

'ಈಗ ಎಲ್ಲಿಂದ ತರ್ಲಿ? ನೀ ಮನಿಗೆ ಬಂದೀಯಲ್ಲ.'