ಉತ್ತರದ ಕಿಟಕಿಯ ಗಡಿಯಾರ

ಪರಗಂಡಸು ಕೊಟ್ಟ ಗಡಿಯಾರ ನೋಡಿಕೊಂಡು ಸ್ವಂತ ಮನೆಯಲ್ಲಿ ಊಟಕ್ಕೆ ಕೂರುವ ದುರ್ಗತಿ ಶತ್ರುವಿಗೂ ಬೇಡ ಎಂದು ತೊಕುಜೊ ತುತ್ತಿಗೊಮ್ಮೆ ಅಂದುಕೊಳ್ಳುತ್ತಿದ್ದ.

ಕೊಟ್ಟವರು ಹಿಂದಿನ ಕಟ್ಟಡದ ಕುರಾನುಕಿ. ಹೆಂಡತಿ ತೀರಿಕೊಂಡು ಒಂಟಿಯಾಗಿದ್ದರೂ ತಲೆತುಂಬ ಬೆಳ್ಳಿಗೂದಲು, ಕೊರಳಿಗೆ ರೇಷ್ಮೆ ವಸ್ತ್ರ. (ತೊಕುಜೊನ ತಲೆಯ ವಿಷಯ ಇಲ್ಲಿ ಬೇಡ.) ಅವರು ಬಿಸಿನೀರಿನ ಬುಗ್ಗೆಗೆ ಹೋಗಿದ್ದಾಗ ತೊಕುಜೊನ ಹೆಂಡತಿ ಮಿಸಾವೊ ಅವರ ಬೋನ್ಸಾಯ್‌ಗೆ ನೀರು ಹಾಕಿದ್ದಳು. ಉಪಕಾರಕ್ಕೆ ಪ್ರತಿಯಾಗಿ ಏನಾದರೂ ಕೊಡದಿದ್ದರೆ ಜಪಾನಿನ ಈ ಸೈತಾಮಾದಲ್ಲಿ ಯಾರಿಗೂ ನಿದ್ದೆ ಬರುವುದಿಲ್ಲ. ಬೇರೆಯವರಾಗಿದ್ದರೆ ಒಂದು ಡಬ್ಬಿ ಬಿಸ್ಕತ್ತು ಕೊಟ್ಟು ಮುಗಿಸುತ್ತಿದ್ದರು. ಈ ಮಹಾಶಯರು ತಂದದ್ದು ರೇಡಿಯೋ ಗಡಿಯಾರ! ಉತ್ತರದ ಫುಕುಶಿಮಾದ ಬೆಟ್ಟದ ಗೋಪುರದಿಂದ ಬರುವ ರೇಡಿಯೋ ಅಲೆ ಹಿಡಿದು ತನ್ನ ಸಮಯ ತಾನೇ ಸರಿಮಾಡಿಕೊಳ್ಳುವಂಥದ್ದು.

"ಒಂದು ಸೆಕೆಂಡೂ ತಪ್ಪಲ್ಲ ರೀ. ಎಂಥಾ ಅಚ್ಚುಕಟ್ಟು ಅವರದು!" ಎಂದಳು ಮಿಸಾವೊ.

ಅವರದು! ಅವಳು ಮಾರುಕಟ್ಟೆಗೆ ಹೋದದ್ದೇ ತಡ, ತೊಕುಜೊ ಗಡಿಯಾರವನ್ನು ಅಲೆ ತಲುಪದ ಹಾಗೆ ಟಿ.ವಿ.ಗೂ ಕಬ್ಬಿಣದ ಬೀರುವಿಗೂ ನಡುವೆ ನೇತುಹಾಕಿ, ಬ್ಯಾಟರಿ ಕಿತ್ತು ಮತ್ತೆ ಹಾಕಿದ. ಮುಳ್ಳುಗಳು ಗರಗರ ತಿರುಗಿ ಹನ್ನೆರಡಕ್ಕೆ ಬಂದು, ಬಾರದ ಅಲೆಗಾಗಿ ಕಾಯುತ್ತ ನಿಂತವು.

"ಅಯ್ಯೋ, ಕೆಟ್ಟೋಯ್ತಲ್ರೀ!" ಎಂದಳು ಮರಳಿ ಬಂದ ಮಿಸಾವೊ.

"ಕಳಪೆ ಮಾಲು ಕಣೆ. ವಾಪಸ್ ಕೊಟ್ಬಿಡು."

"ಉಡುಗೊರೆ ವಾಪಸ್ಸೇ? ಮಾನ ಮರ್ಯಾದೆ ಇಲ್ವಾ ನಿಮ್ಗೆ? ತಡೀರಿ, ಅವರನ್ನೇ ಕರೀತೀನಿ."

ಕುರಾನುಕಿ ಬಂದರು. ಬಾರ್ಲಿ ಚಹಾ ಬಂತು. ತೊಕುಜೊ ಮೂರು ದಿನದಿಂದ ಕಣ್ಣಿಟ್ಟಿದ್ದ ಸಿಹಿ ಹುರುಳಿ ಬರ್ಫಿಯೂ ತಟ್ಟೆಯೇರಿ ಬಂತು. ಅವರು ಬೆಳ್ಳಿಗೂದಲು ಸವರಿಕೊಂಡು, ಗಡಿಯಾರದ ಬೆನ್ನಿನ ಗುಂಡಿಯೊತ್ತಿ ಕೈಯಿಂದಲೇ ಸಮಯ ಹೊಂದಿಸಿದರು.

"ಯಾಕೋ ಅಲೆ ಸಿಗ್ತಿಲ್ಲ ಮಿಸಾವೊ ಅವ್ರೇ. ಮತ್ತೆ ನಿಂತ್ರೆ ಹೇಳಿ, ಸಂಕೋಚ ಬೇಡ."

ತೊಕುಜೊ ಮರುದಿನವೂ ಬ್ಯಾಟರಿ ಕಿತ್ತ. ಅದರ ಮರುದಿನವೂ ಕಿತ್ತ. ಗಡಿಯಾರಕ್ಕೆ ಕೆಟ್ಟ ಹೆಸರು ಬರಲಿ ಎಂಬುದಷ್ಟೇ ಅವನ ಆಸೆ. ಬಂದದ್ದು ಕುರಾನುಕಿ, ದಿನಾ ತಪ್ಪದೆ. ವಾರ ಕಳೆಯುವುದರೊಳಗೆ ಅವರಿಗೆಂದೇ ಒಂದು ಬಟ್ಟಲು, ಒಂದು ಜೊತೆ ಮನೆಚಪ್ಪಲಿ ಮೀಸಲಾದವು. ಮಿಸಾವೊ ತುಟಿಗೆ ಬಣ್ಣ ಹಚ್ಚಿದ್ದನ್ನು ಕಂಡ ದಿನ ತೊಕುಜೊನಿಗೆ ಜ್ಞಾನೋದಯವಾಯಿತು. ಕಳ್ಳನಿಗೆ ಬಾಗಿಲು ತೆಗೆದವನು ತಾನೇ!

ಇನ್ನು ಗಡಿಯಾರ ಕೆಡಬಾರದು. ಹಗಲೂ ರಾತ್ರಿ ಸರಿಯಾಗಿ ನಡೆಯಲೇಬೇಕು!

ಗಡಿಯಾರವನ್ನು ಎಳೆಗೂಸಿನಂತೆ ಎದೆಗವಚಿಕೊಂಡು ಅಲೆ ಹುಡುಕುತ್ತ ಮನೆಯೆಲ್ಲ ಅಲೆದ. ದಕ್ಷಿಣದ ಬಾಲ್ಕನಿಯಲ್ಲಿ ಒಣಹಾಕಿದ ಬಟ್ಟೆಗಳ ನಡುವೆ ಹಿಡಿದು ನಿಂತ; ಸಿಗಲಿಲ್ಲ. ಬಚ್ಚಲಲ್ಲಿ ಸ್ಟೂಲು ಹತ್ತಿದ. ಜಾರಿ ಬಿದ್ದ, ಆಗಲೂ ಸಿಗಲಿಲ್ಲ. ಕೊನೆಗೆ ಅಡುಗೆಮನೆಯ ಉತ್ತರದ ಕಿಟಕಿಯಲ್ಲಿಟ್ಟು ಕೈಮುಗಿದ. ತುಸು ಹೊತ್ತಿಗೆ ಮುಳ್ಳುಗಳು ಗರಗರನೆ ತಿರುಗಿ ಸರಿಯಾದ ಸಮಯಕ್ಕೆ ಬಂದು, ಟಿಕ್ ಟಿಕ್ ಎಂದು ನಡೆದವು. ತೊಕುಜೊ ಕಿಟಕಿಯ ಪಕ್ಕದಲ್ಲಿ ತಾನೇ ಮೊಳೆ ಹೊಡೆದು, ಗಡಿಯಾರವನ್ನು ಅಲ್ಲೇ ಪ್ರತಿಷ್ಠಾಪಿಸಿದ.

"ಇನ್ನು ಯಾರೂ ಬರಬೇಕಾಗಿಲ್ಲ. ಇದನ್ನ ಇಲ್ಲಿಂದ ಒಂದು ಗೇಣು ಸರಿಸಿದ್ರೂ ನಿಂತುಹೋಗುತ್ತೆ, ನೆನಪಿರ್ಲಿ!"

"ಪರವಾಗಿಲ್ವೇ, ನಿಮ್ಮ ತಲೇನೂ ಓಡುತ್ತೆ!" ಎಂದು ಮಿಸಾವೊ ಮೆಚ್ಚಿಕೊಂಡಳು. ತೊಕುಜೊ ಉಬ್ಬಿಹೋದ.

ಸಂಜೆ ನಡುಮನೆಯಲ್ಲಿ ಕಾಲು ಚಾಚಿ ಕುಳಿತು, "ಗಂಟೆ ಎಷ್ಟೇ?" ಎಂದು ಗತ್ತಿನಿಂದ ಕೂಗಿದ. ಅಡುಗೆಮನೆಯಿಂದ ನಗು ಮಾತ್ರ ಕೇಳಿತು. ಎದ್ದು ಹೋಗಿ ನೋಡಿದ.

ಆ ಬಡಾವಣೆಯ ಕಟ್ಟಡಗಳೆಲ್ಲ ದಕ್ಷಿಣಕ್ಕೆ ಮುಖಮಾಡಿ ಒಂದರ ಹಿಂದೊಂದು ಸಾಲಾಗಿ ನಿಂತಿದ್ದವು. ಇವರ ಉತ್ತರದ ಕಿಟಕಿಯೆಂದರೆ ಹಿಂದಿನವರ ಬಾಲ್ಕನಿಗೆ ನೇರ. ಅಲ್ಲಿ ಬೋನ್ಸಾಯ್‌ಗಳ ನಡುವೆ ಬೆಳ್ಳಿಗೂದಲು ಹೊಳೆಯುತ್ತಿತ್ತು. ಕುರಾನುಕಿ ಕೈಬೀಸುತ್ತಿದ್ದರು. ಬಣ್ಣ ಹಚ್ಚಿದ ತುಟಿಯ ಮಿಸಾವೊ, ಸೌಟು ಹಿಡಿದ ಕೈಯನ್ನೇ ಬೀಸುತ್ತಿದ್ದಳು.

"ಗಡಿಯಾರ ತೆಗಿಯೇ! ಬೇರೆ ಕಡೆ ಹಾಕೋಣ!"

"ಒಂದು ಗೇಣು ಸರಿಸಿದ್ರೂ ನಿಂತುಹೋಗುತ್ತೆ ಅಂದ್ರಲ್ಲ! ನಿಂತ್ರೆ ಪಾಪ, ಅವರೇ ಮತ್ತೆ ಬರಬೇಕು," ಎಂದಳು ಮಿಸಾವೊ, ಕಿಟಕಿಯಿಂದ ಕಣ್ಣು ಕೀಳದೆ. "ಆರೂವರೆ ಆಯ್ತು ರೀ. ನೀವು ಹೋಗಿ ಕೂತ್ಕೊಳ್ಳಿ, ಇನ್ಮೇಲೆ ಟೈಮೆಲ್ಲ ನಾನೇ ನೋಡಿ ಹೇಳ್ತೀನಿ."